ಮಳೆಗಾಲ ಕಳೆದ ಮೇಲೆ ಕನ್ವರ್ಟಿಬಲ್ ಕಾರಿನ ಬಟ್ಟೆಯ ಟಾಪು: ಅನುಭವ ಹಂಚಿಕೆ

ಕದ್ರಿಯಿಂದ ಬಂದ ಕೋರಿಕೆ: ಬಳಸಿದ ಮಿನಿ ಕೂಪರ್ ಕನ್ವರ್ಟಿಬಲ್ (ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಬಹುದಾದ ಕಾರು) ಒಂದನ್ನು ಈಚೆಗೆ ಕೊಂಡಿದ್ದೇನೆ. ಹಿಂದಿನ ಮಾಲೀಕರಲ್ಲಿ ಅದು ಮಳೆಗಾಲವಿಡೀ ಮಾವಿನ ಮರದಡಿ ನಿಂತಿತ್ತು. ಕಪ್ಪು ಟಾಪು ಬೂದು ಬಣ್ಣಕ್ಕೆ ತಿರುಗಿದೆ, ಹೊಲಿಗೆಗಳ ಉದ್ದಕ್ಕೂ ಪಾಚಿ ಹಿಡಿದಿದೆ, ಬಿದ್ದ ನೀರು ಹನಿಯಾಗಿ ಉರುಳದೆ ಬಟ್ಟೆಯೊಳಗೆ ಇಂಗುತ್ತದೆ. ಪ್ರೆಶರ್ ವಾಷರ್ ಹಿಡಿಯಬಹುದೇ, ಕಪ್ಪು ಬಣ್ಣ ಹಚ್ಚಿಸಬೇಕೇ, ಅಥವಾ ಟಾಪನ್ನೇ ಬದಲಿಸಬೇಕೇ ಎಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಮಣಿಪಾಲದಿಂದ: ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಇಂತಹ ಟಾಪುಗಳಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರಿನ ಪದರ, ಕೆಳಗೆ ಒಳಬಟ್ಟೆ. ನೀರನ್ನು ನಿಜವಾಗಿ ತಡೆಯುವುದು ನಡುವಿನ ರಬ್ಬರು. ಆದ್ದರಿಂದ ಮೇಲ್ಪದರ ನೀರು ಹೀರಿಕೊಂಡ ಮಾತ್ರಕ್ಕೆ ಕಾರು ಸೋರುತ್ತದೆ ಎಂದರ್ಥವಲ್ಲ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಊರುಗಳಲ್ಲಿ ಆ ಮೇಲ್ಪದರ ತಿಂಗಳುಗಟ್ಟಲೆ ಒದ್ದೆಯಾಗಿಯೇ ಉಳಿದರೆ ಪಾಚಿ ಬೇರೂರುತ್ತದೆ, ಹೊಲಿಗೆಯ ದಾರ ಸೊರಗುತ್ತದೆ.

ಪ್ರೆಶರ್ ವಾಷರ್ ಖಂಡಿತ ಬೇಡ. ಅದರ ಧಾರೆ ನೂಲನ್ನು ಎಬ್ಬಿಸಿ ಜುಂಗು ಮಾಡುವುದಲ್ಲದೆ ಹೊಲಿಗೆಯ ತೂತುಗಳೊಳಗೆ ನೀರನ್ನು ನುಗ್ಗಿಸುತ್ತದೆ. ಮೊದಲು ಒಣಗಿದ ಟಾಪಿನ ಮೇಲೆ ವ್ಯಾಕ್ಯೂಮ್ ಆಡಿಸಿ ಧೂಳು, ಎಲೆಚೂರು, ಹೂವಿನ ಪುಡಿಯನ್ನು ತೆಗೆಯಿರಿ, ಏಕೆಂದರೆ ಒದ್ದೆ ಮಾಡಿದ ಬಳಿಕ ಇಲ್ಲಿನ ಕೆಂಪು ಧೂಳು ಕೆಸರಾಗಿ ನೇಯ್ಗೆಯೊಳಗೆ ಕೂರುತ್ತದೆ. ಪಾಚಿಯಿರುವ ಹೊಲಿಗೆಗಳಿಗೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಸಿಂಪಡಿಸಿ, ಕಾಲು ಗಂಟೆ ಬಿಟ್ಟು, ಹಳೆಯ ಮೆದು ಟೂತ್‌ಬ್ರಷ್ಷಿನಿಂದ ಹೊಲಿಗೆಯ ದಿಕ್ಕಿನಲ್ಲೇ ಉಜ್ಜಿರಿ. ಬ್ಲೀಚಿಂಗ್ ದ್ರಾವಣ ಪಾಚಿಯನ್ನು ಬೇಗ ಅಳಿಸುತ್ತದೆ ನಿಜ, ಅದರ ಜೊತೆಗೆ ದಾರವನ್ನೂ ಕೆಡಿಸುತ್ತದೆ. ಬಳಿಕ ನೆರಳಿನಲ್ಲಿ, ಬಟ್ಟೆಯ ಟಾಪಿಗೆಂದೇ ಮಾರುವ ಸೌಮ್ಯ ಕ್ಲೀನರಿನಿಂದ ಸ್ವಲ್ಪ ಸ್ವಲ್ಪ ಜಾಗವನ್ನೇ ಹಿಡಿದು ತೊಳೆಯಿರಿ. ಮೊದಲ ನೀರು ಚಹಾದ ಬಣ್ಣಕ್ಕೆ ಇಳಿಯುವುದನ್ನು ಕಂಡಾಗ, ಬೂದು ಬಣ್ಣದಲ್ಲಿ ಹೆಚ್ಚಿನ ಪಾಲು ಕೊಳೆಯೇ ಎಂಬುದು ನಿಮಗೇ ಮನವರಿಕೆಯಾದೀತು.

ಹೆಚ್ಚಿನವರು ಅವಸರ ಮಾಡುವುದು ಇದರ ನಂತರದ ಹಂತದಲ್ಲಿ. ನೊರೆ ಕಾಣಿಸುವುದು ನಿಂತ ಮೇಲೂ ನೀರು ಹಾಯಿಸುತ್ತಿರಬೇಕು. ಹಿಂಬದಿಯ ಗಾಜಿನ ಅಂಚಿನ ಬಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿ. ಒತ್ತಿದಲ್ಲಿ ಸಣ್ಣ ಬಿಳಿ ಗುಳ್ಳೆಗಳೆದ್ದರೆ ಸೋಪು ಇನ್ನೂ ಒಳಗಿದೆ. ಸೋಪು ಉಳಿದ ಬಟ್ಟೆಗೆ ನೀರು ಇಂಗದಂತೆ ತಡೆಯುವ ಪ್ರೊಟೆಕ್ಟರ್ ಸ್ಪ್ರೇ ಎಷ್ಟು ದುಬಾರಿಯದನ್ನು ಹೊಡೆದರೂ ಅದು ಹಿಡಿಯುವುದಿಲ್ಲ.

ಮಲ್ಪೆಯಿಂದ: ಯಾವ ನೀರಿನಿಂದ ತೊಳೆಯುತ್ತೀರಿ ಎಂಬುದನ್ನೂ ಗಮನಿಸಬೇಕು. ಕಡಲಿಗೆ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಕೆಲವು ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದು ಒಣಗಿದ ಮೇಲೆ ತುಕ್ಕಿನ ಬಣ್ಣ ಬಿಡುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಉಪ್ಪುಳಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಕೊನೆಯ ತೊಳೆತಕ್ಕಾದರೂ ಸಿಹಿನೀರನ್ನೇ ಬಳಸಿರಿ.

ಬಿಜೈಯಿಂದ: ರೇಷ್ಮೆ ಸೀರೆಗೆ ಒಗ್ಗುವ ಅಂಟುವಾಳದ ನೊರೆ ಇದಕ್ಕೂ ಆಗಬಹುದಲ್ಲವೇ? ಜೀಪಿನ ಹುಡ್ಡನ್ನು ನಮ್ಮ ಮನೆಯಲ್ಲಿ ಅದರಿಂದಲೇ ತೊಳೆಯುತ್ತಿದ್ದರು.

ಮಣಿಪಾಲದಿಂದ: ಅಂಟುವಾಳ ಸೌಮ್ಯವಾದದ್ದೇ. ಆದರೆ ಜೀಪಿನ ಹುಡ್ಡು ರೆಕ್ಸಿನ್ ಆಗಿದ್ದರೆ ಮಾತು ಬೇರೆ, ಅದರ ಮೇಲ್ಮೈ ಏನನ್ನೂ ಹೀರಿಕೊಳ್ಳುವುದಿಲ್ಲ. ನೇಯ್ದ ಬಟ್ಟೆಯಲ್ಲಿ ಅಂಟುವಾಳದ ಕಂದು ರಸ ಉಳಿದುಕೊಳ್ಳುತ್ತದೆ, ತಿಳಿಬಣ್ಣದ ಟಾಪಿನಲ್ಲಿ ಕಲೆಯಾಗಿಯೂ ಕಾಣುತ್ತದೆ. ಇನ್ನೊಂದು ಮಾತು: ಮರದಡಿ ನಿಂತ ಕಾರಿಗೆ ಹಲಸಿನ ಮೇಣ ಅಂಟಿದ್ದರೆ, ಕೈಗೆ ಹಚ್ಚಿಕೊಳ್ಳುವಂತೆ ತೆಂಗಿನೆಣ್ಣೆ ಹಚ್ಚಲು ಹೋಗಬೇಡಿ. ಮೇಣ ಹೋದರೂ ಎಣ್ಣೆಯ ಕಲೆ ಉಳಿಯುತ್ತದೆ.

ಸುರತ್ಕಲ್‌ನಿಂದ: ಪ್ರೊಟೆಕ್ಟರ್ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. 303 ಫ್ಯಾಬ್ರಿಕ್ ಗಾರ್ಡ್‌ನಂತಹವುಗಳಿಗೆ 21 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು; ಅದು ನಮಗೆ ಪುಕ್ಕಟೆಯಾಗಿ ಸಿಗುತ್ತದೆ. ಕಷ್ಟವಿರುವುದು ಬಟ್ಟೆ ಪೂರ್ತಿ ಒಣಗಿರಬೇಕು ಎಂಬ ಷರತ್ತಿನಲ್ಲಿ. ಹಾಗಾಗಿ ದೀಪಾವಳಿಯ ನಂತರ, ಮೋಡವಿಲ್ಲದ ದಿನಗಳನ್ನು ನೋಡಿ, ತೊಳೆದು ಒಂದು ಹಗಲು ಪೂರ್ತಿ ಒಣಗಿಸಿ, ಮರುದಿನ ಗಾಜು ಮತ್ತು ಬಾಡಿಯ ಪೇಂಟನ್ನು ಮುಚ್ಚಿ ತೆಳುವಾಗಿ ಎರಡು ಕೋಟು ಹೊಡೆಯಿರಿ. ಒಣಗುವವರೆಗೆ ಟಾಪು ಮಡಚಲೇಬಾರದು. ಬಣ್ಣ ಹಚ್ಚಿಸುವ ನಿರ್ಧಾರವನ್ನು ತೊಳೆದು ಒಣಗಿಸಿದ ಬಳಿಕವೇ ಮಾಡಿರಿ, ಆದರೆ ಹಚ್ಚುವುದಾದರೆ ಪ್ರೊಟೆಕ್ಟರಿಗಿಂತ ಮೊದಲೇ ಹಚ್ಚಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಿಡುವುದು ತೆರೆದಿಡುವುದಕ್ಕಿಂತ ಕೆಟ್ಟದ್ದು, ಅದರಡಿ ತೇವ ಸಿಕ್ಕಿಬೀಳುತ್ತದೆ.

ಕದ್ರಿಯಿಂದ: ಎಲ್ಲರಿಗೂ ಧನ್ಯವಾದಗಳು. ಹಿಂದಿನ ಸೀಟಿನ ಎಡಭಾಗದಲ್ಲಿ ಮುಗ್ಗಲು ವಾಸನೆಯೂ ಇದೆ. ಅದಕ್ಕೂ ಟಾಪೇ ಕಾರಣವೇ?

ಮಣಿಪಾಲದಿಂದ: ಆಗಿರಬೇಕೆಂದಿಲ್ಲ. ಬಹುತೇಕ ಕನ್ವರ್ಟಿಬಲ್‌ಗಳಲ್ಲಿ ಟಾಪು ಮಡಚಿ ಕೂರುವ ಗುಂಡಿಯಿಂದ ನೀರು ಇಳಿದುಹೋಗಲು ಸಣ್ಣ ಕೊಳವೆಗಳಿರುತ್ತವೆ, ಮಾವಿನ ಹೂವು ಮತ್ತು ಎಲೆಗೊಸರು ಅವನ್ನು ಕಟ್ಟಿಬಿಡುತ್ತವೆ. ಕಬ್ಬಿಣದ ತಂತಿ ತುರುಕಿದರೆ ಕೊಳವೆ ಸೀಳಿಹೋಗಬಹುದು, ಕಂಪ್ರೆಸರ್ ಗಾಳಿ ಹೊಡೆದರೆ ಒಳಗಿನ ಜೋಡಣೆ ಕಳಚಬಹುದು. ಮೆದುವಾದ ನೈಲಾನ್ ತಂತಿ ಇಳಿಸಿ ಬಿಡಿಸಿ, ಅರ್ಧ ಚೊಂಬು ನೀರನ್ನು ನಿಧಾನವಾಗಿ ಹೊಯ್ದು, ಕಾರಿನ ಕೆಳಗೆ ಎರಡೂ ಬದಿಯಲ್ಲಿ ನೀರು ತೊಟ್ಟಿಕ್ಕುತ್ತದೆಯೇ ನೋಡಿರಿ. ಒಂದು ಬದಿಯಲ್ಲಿ ಬಾರದಿದ್ದರೆ ಟಾಪು ತೊಳೆಯುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ತೊಳೆದ ನೀರೂ ಸೀಟಿನಡಿಗೇ ಹೋಗುತ್ತದೆ.