ಅಣ್ಣ, ಕಾರಿನ ಆ ರೂಫ್ ಬಟ್ಟೆಗೆ ಈಗ್ಲೇ ಗಮ್ ಹಾಕ್ಬೇಡ

ಅಣ್ಣ, ಬೆಳಗ್ಗೆ ಗ್ರೂಪಲ್ಲಿ ನೀನು ಹಾಕಿದ್ ಫೋಟೋ ಈಗ ನೋಡ್ದೆ, ಅಂಗಡೀಲಿ ಕೆಲ್ಸ ಜಾಸ್ತಿ ಇತ್ತು ಅದಕ್ಕೆ ಲೇಟಾಯ್ತು. ಕಾರಲ್ಲಿ ಹಿಂದಿನ ಸೀಟಿನ ಮೇಲೆ ರೂಫ್ ಬಟ್ಟೆ ಪೂರ್ತಿ ಜೋತುಬಿದ್ದು ದೊಡ್ಡಮ್ಮನ ತಲೆಗೆ ತಾಗ್ತಾ ಇದೆ ಅಂದಿದೀಯ, ಅದಕ್ಕೆ ಮಾವ ಫೆವಿಕ್ವಿಕ್ ಬಿಟ್ಟು ಒತ್ತು ಅಂದಿದಾರೆ, ಅತ್ತಿಗೆ ಗುಂಡುಪಿನ್ ಚುಚ್ಚಿದ್ರೆ ನಿಲ್ಲುತ್ತೆ ಅಂದಿದಾರೆ, ಚಿಕ್ಕಪ್ಪ ಆ ಬಟ್ಟೇನೇ ಕಿತ್ತು ಬಿಸಾಕು ಅಂತಿದಾರೆ. ಎಲ್ಲರೂ ಒಳ್ಳೇದಕ್ಕೇ ಹೇಳಿರೋದು. ಆದ್ರೆ ನಾನು ಹಾಸನದಲ್ಲಿ ದಿನಾ ಇದೇ ಗಾಡಿ ಸೀಟು, ರೂಫ್ ಬಟ್ಟೆ ಹಾಕೋ ಕುಶನ್ ಕೆಲ್ಸದಲ್ಲಿ ಇರೋನು, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಕೇಳು, ಅಲ್ಲಿವರ್ಗೂ ಏನೂ ಅಂಟಿಸೋಕೆ ಹೋಗ್ಬೇಡ.

ಮೊದ್ಲು ಅದು ಯಾಕೆ ಬಿತ್ತು ಅಂತ ತಿಳ್ಕೊ, ಅದು ಗೊತ್ತಾದ್ರೆ ಮಿಕ್ಕಿದ್ದು ಸುಲಭ. ರೂಫ್ ತಗಡಿಗೆ ನೇರವಾಗಿ ಬಟ್ಟೆ ಅಂಟಿಸಿರಲ್ಲ ಕಣಣ್ಣ. ತಗಡಿನ ಕೆಳಗೆ ಅದೇ ಶೇಪಿಗೆ ಅಚ್ಚು ಹಾಕಿದ ಒಂದು ಬೋರ್ಡ್ ಇರುತ್ತೆ, ಗಟ್ಟಿ ರಟ್ಟಿನ ಥರ, ಕೆಲವು ಗಾಡೀಲಿ ಫೈಬರ್ ಸೇರ್ಸಿರ್ತಾರೆ, ಆ ಬೋರ್ಡಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಸ್ಪಂಜು, ಸ್ಪಂಜಿನ ಮೇಲೆ ನಮಗೆ ಕಾಣೋ ಬಟ್ಟೆ. ಈಗ ನಿನ್ ಗಾಡೀಲಿ ಎಲ್ಲರೂ ಗಮ್ ಬಿಟ್ಟಿದೆ ಅಂತಿದಾರಲ್ಲ, ಹೋಗಿರೋದು ಮಧ್ಯದ ಆ ಸ್ಪಂಜು. ಅದು ಪಾಲಿಯುರೆಥೇನ್ ಅನ್ನೋ ಜಾತೀದು, ಬಿಸಿಲಿನ ಕಾವು ಮತ್ತೆ ತೇವ ಎರಡೂ ಸೇರಿ ವರ್ಷಗಟ್ಟಲೆ ತಿಂದ್ರೆ ಅದು ಪುಡಿಪುಡಿ ಆಗ್ಬಿಡುತ್ತೆ, ಬೀರು ಕೆಳಗೆ ಬಹಳ ದಿನ ಇಟ್ಟ ಶೂ ತೆಗೆದು ಹಾಕ್ಕೊಂಡ್ರೆ ಸೋಲ್ ಉದುರೋಗುತ್ತಲ್ಲ, ಅದೂ ಇದೇ ವಸ್ತು ಇದೇ ಕಾರಣ. ನಮ್ ಮೂಡಿಗೆರೆ ಕಡೆ ಎರಡೂ ಧಾರಾಳ ಅಲ್ವಾ, ಕಾಫಿ ಕುಯ್ಲಲ್ಲಿ ಗಾಡಿ ಇಡೀ ದಿನ ಕಣದ ಪಕ್ಕ ಬಿಸಿಲಲ್ಲೇ ನಿಂತಿರುತ್ತೆ, ಹೊರಗೆ 35 ಡಿಗ್ರಿ ಇದ್ರೆ ಗ್ಲಾಸ್ ಏರಿಸಿದ ಕಾರೊಳಗೆ 50ರ ಹತ್ರ ಹೋಗುತ್ತೆ, ತಗಡು ಅದಕ್ಕಿಂತ ಸುಡುತ್ತೆ, ಆಮೇಲೆ ಜೂನಿಂದ ಸೆಪ್ಟೆಂಬರ್‌ವರ್ಗೂ ಸೀಟ್ ಬೆಲ್ಟಿಗೂ ಬೂಷ್ಟು ಹಿಡಿಯೋ ಅಷ್ಟು ಥಂಡಿ. ನಿಂದು 2012ರ ಗಾಡಿ, ಇಷ್ಟು ದಿನ ತಡ್ಕೊಂಡಿದ್ದೇ ದೊಡ್ಡದು. ದೊಡ್ಡಪ್ಪನ ಅಂಬಾಸಿಡರಲ್ಲಿ ಈ ಸಮಸ್ಯೆ ಬರ್ಲಿಲ್ಲ ಯಾಕಂದ್ರೆ ಅದ್ರಲ್ಲಿ ಅಡ್ಡಡ್ಡ ಕಂಬಿಗೆ ಲೈನಿಂಗ್ ಪೋಣಿಸಿ ಸುತ್ತ ಎಳೆದು ಕೂರಿಸಿರೋರು, ಆ ಕೆಲ್ಸವೇ ಬೇರೆ.

ಬೇಕಾದ್ರೆ ಒಂದ್ಸಲ ನೋಡು, ಒಳಗಿನ ಲೈಟ್ ಹತ್ರ ಬಟ್ಟೆ ಅಂಚು ಬಿಟ್ಟಿರೋ ಕಡೆ ಬೆರಳು ಒಳಗೆ ಹಾಕಿ ಉಜ್ಜು, ಹಳದಿ ಇಲ್ಲಾ ಕೇಸರಿ ಬಣ್ಣದ ಪುಡಿ ಅಂಟಂಟಾಗಿ ಬೆರಳಿಗೆ ಬರುತ್ತೆ. ಬಂತು ಅಂದ್ರೆ ಆ ಪುಡಿ ಮೇಲೆ ಫೆವಿಕ್ವಿಕ್ ಹಾಕಿದ್ರೂ ಅಷ್ಟೇ ಇನ್ನೇನ್ ಹಾಕಿದ್ರೂ ಅಷ್ಟೇ, ಗಮ್ ಪುಡಿಗೆ ಅಂಟ್ಕೊಳುತ್ತೆ, ಪುಡಿ ಬೋರ್ಡಿಂದ ಉದುರುತ್ತೆ. ಸಾಲದ್ದಕ್ಕೆ ಫೆವಿಕ್ವಿಕ್ ಬಟ್ಟೆ ದಾಟಿ ಈಚೆ ಬಂದು ಗಟ್ಟಿ ಕಲೆ ಆಗುತ್ತೆ. ಸಿರಿಂಜಲ್ಲಿ ಗಮ್ ತುಂಬಿ ಬಟ್ಟೆ ಮೇಲಿಂದ ಇಂಜೆಕ್ಷನ್ ಥರ ಕೊಡ್ತೀವಿ, ಅರ್ಧ ಗಂಟೇಲಿ ಮುಗೀತು ಅಂತ ಹೇಳೋರೂ ಇದಾರೆ, ಅಂಥ ಕೆಲ್ಸ ಮಾಡಿಸ್ಕೊಂಡು ಒಂದು ಬೇಸಿಗೆ ಕಳೆಯೋದ್ರೊಳಗೆ ನಮ್ಮತ್ರ ಬಂದ ಗಾಡಿಗಳು ಬಹಳ ಇವೆ, ಆಗ ಆ ಗಟ್ಟಿಯಾದ ಗಮ್ ಗಂಟುಗಳನ್ನ ಬೋರ್ಡಿಂದ ಕೆರೆಯೋದೇ ದೊಡ್ಡ ಕೆಲ್ಸ, ಕೆರೆಯುವಾಗ ಬೋರ್ಡೂ ಕಿತ್ತು ಬರುತ್ತೆ, ಹೊಟ್ಟೆ ಉರಿಯುತ್ತೆ ನೋಡಿದ್ರೆ.

ಅತ್ತಿಗೆ, ಪಿನ್ ವಿಷಯ. ಗುಂಡುಪಿನ್ ಬೇಡ, ನಮ್ ರೋಡಲ್ಲಿ ಎರಡು ಗುಂಡಿ ಹಾರಿದ್ರೆ ಅದು ಈಚೆ ಬರುತ್ತೆ, ಮಕ್ಳು ಕೂರೋ ಸೀಟ್ ಮೇಲೆ ಬೀಳುತ್ತೆ. ಸ್ಕ್ರೂ ಥರ ತಿರುಚಿರೋ ಪಿನ್ ಸಿಗುತ್ತೆ, ಕುಶನ್ ಸಾಮಾನು ಮಾರೋ ಅಂಗಡೀಲಿ, ಅದನ್ನ ತಿರುಗಿಸಿ ಕೂರಿಸಿದ್ರೆ ಬೋರ್ಡಿಗೆ ಕಚ್ಕೊಳುತ್ತೆ, ಗಾಡಿ ಇಲ್ಲಿಗೆ ತರೋವರ್ಗೂ ಅದು ನಡೆಯುತ್ತೆ, ಆದ್ರೆ ಬಾಗಿಲ ಮೇಲಿನ ಅಂಚಲ್ಲಿ ಮಾತ್ರ ಎಲ್ಲೂ ಚುಚ್ಬೇಡಿ. ಬಾಗಿಲ ಪಕ್ಕ ರೂಫ್ ಹೊತ್ತಿರೋ ಕಂಬದ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ರೆ ಆ ಅಂಚಿನ ಒಳಗೇ ಕರ್ಟನ್ ಏರ್‌ಬ್ಯಾಗ್, ಅಂದ್ರೆ ಗುದ್ದಿದಾಗ ಪಕ್ಕದಲ್ಲಿ ಪರದೆ ಥರ ಬಿಚ್ಕೊಳೋ ಗಾಳಿ ಚೀಲ, ಮಡಚಿ ಇಟ್ಟಿರ್ತಾರೆ. ಚಿಕ್ಕಪ್ಪ ಹೇಳಿದಂಗೆ ಬಟ್ಟೆ ಕಿತ್ತು ಹಂಗೇ ಓಡಿಸೋದು ಮಾತ್ರ ಬೇಡ್ವೇ ಬೇಡ, ಇದನ್ನ ನಾನು ಒತ್ತಿ ಹೇಳ್ತಿದೀನಿ. ಬಟ್ಟೆ ಇದ್ದಷ್ಟು ದಿನ ಆ ಪುಡಿ ಬಟ್ಟೆ ಒಳಗೇ ಇರುತ್ತೆ, ಕಿತ್ರೆ ಬೋರ್ಡಲ್ಲಿ ಉಳಿದಿದ್ದೆಲ್ಲ ಗಾಡಿ ಅಲ್ಲಾಡಿದಾಗೆಲ್ಲ ಉದುರುತ್ತೆ, ಎಸಿ ಫ್ಯಾನ್ ಅದನ್ನ ಒಳಗೇ ಸುತ್ತಿಸುತ್ತೆ, ದೊಡ್ಡಮ್ಮಂಗೆ ಮೊದ್ಲೇ ಉಬ್ಬಸ. ಅವ್ರನ್ನ ಅಲ್ಲಿವರ್ಗೂ ಮುಂದೆ ಕೂರ್ಸು ಅಣ್ಣ. ಧರ್ಮಸ್ಥಳಕ್ಕೆ ಹೋಗ್ಬೇಕು ಅಂತಿದ್ಯಲ್ಲ, ಅದನ್ನೂ ಈ ಕೆಲ್ಸ ಆದ್ಮೇಲೆ ಇಟ್ಕೊ, ಚಾರ್ಮಾಡಿ ಘಾಟೀಲಿ ಆ ತಿರುವಲ್ಲಿ ಹಿಂದಿನ ಗಾಡಿ ನೋಡೋಣ ಅಂದ್ರೆ ಮಿರರಲ್ಲಿ ಬಟ್ಟೆ ಬಿಟ್ರೆ ಏನೂ ಕಾಣಲ್ಲ.

ಇನ್ನೊಂದು, ಫೋಟೋಲಿ ಹಿಂದಿನ ಎಡಮೂಲೇಲಿ ಕಾಫಿ ಚೆಲ್ಲಿದಂಗೆ ಒಂದು ಕಂದು ಕಲೆ ಕಾಣ್ತು ನನಗೆ. ಅದು ನೀರಿನ ಕಲೆ ಇರ್ಬೋದು. ಮೇಲಿಂದ ನೀರು ಇಳೀತಾ ಇದ್ರೆ ಹೊಸ ಬಟ್ಟೆ ಹಾಕಿ ದುಡ್ಡು ಸುರಿದ್ರೂ ಮುಂದಿನ ಮಳೆಗೆ ಮತ್ತೆ ಅದೇ ಗತಿ, ಬೋರ್ಡೂ ಮೆತ್ತಗಾಗುತ್ತೆ. ಅದಕ್ಕೆ ಮೊದ್ಲು ಈ ಟೆಸ್ಟ್ ಮಾಡು. ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳಿ, ನೀನು ಪೈಪಲ್ಲಿ ಮೆಲ್ಲಗೆ ನೀರು ಬಿಡು, ಒಂದೇ ಸಲ ರೂಫ್ ಪೂರ್ತಿ ಬಿಟ್ರೆ ಎಲ್ಲಿಂದ ಬಂತು ಗೊತ್ತಾಗಲ್ಲ, ಕೆಳಗಿಂದ ಮೇಲಕ್ಕೆ ಒಂದೊಂದೇ ಜಾಗ ಬಿಡು, ಮೊದ್ಲು ಹಿಂದಿನ ಗ್ಲಾಸಿನ ಅಂಚು, ಆಮೇಲೆ ಡಿಕ್ಕಿ ಬಾಗಿಲ ಮೇಲ್ಗಡೆ, ಆಮೇಲೆ ರೂಫಿನ ಎರಡೂ ಕಡೆ ಉದ್ದಕ್ಕೆ ಇರೋ ಬೀಡಿಂಗ್ ಪಟ್ಟಿ ಸಂದು, ಕೊನೇಲಿ ಆಂಟೆನಾ ಬುಡ. ಒಂದೊಂದು ಕಡೇನೂ ಸ್ವಲ್ಪ ಹೊತ್ತು ನಿಲ್ಸಿ ನೋಡು, ನೀರು ಒಳಗೆ ಹರಿದು ಬರೋಕೆ ಟೈಮ್ ಬೇಕು. ಆಂಟೆನಾ ಬುಡದ ರಬ್ಬರ್ ಬಿಸಿಲಿಗೆ ಒಡೆದು ಅಲ್ಲಿಂದ ನೀರು ಇಳಿಯೋದು ಬಹಳ ಗಾಡೀಲಿ ನೋಡಿದೀನಿ, ಅಂಥ ಸಣ್ಣ ರಬ್ಬರಿಗೆ ಇಡೀ ರೂಫ್ ಹಾಳಾಗುತ್ತೆ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸ್ತೀಯಲ್ಲ, ಬೀಡಿಂಗ್ ಸಂದೀಲಿ ಎಲೆ ಕೊಳೆತು ಕೂತಿದ್ರೆ ಅದನ್ನೂ ತೆಗಿ. ಸನ್‌ರೂಫ್ ಇರೋ ಗಾಡಿಯವ್ರು ಗ್ರೂಪಲ್ಲಿ ಇದೀರಲ್ಲ, ನೀವೂ ಕೇಳ್ಕೊಳಿ, ಅದ್ರ ಮೂಲೆಗಳಲ್ಲಿ ನೀರು ಹೋಗೋ ಸಣ್ಣ ಪೈಪ್ ಇರ್ತವೆ, ಕಂಬದೊಳಗಿಂದ ಕೆಳಗೆ ಹೋಗ್ತವೆ, ಅವು ಕಟ್ಕೊಂಡ್ರೆ ನೀರೆಲ್ಲ ಲೈನಿಂಗಿಗೇ ಬರೋದು.

ಈಗ ಸರಿಯಾದ ಕೆಲ್ಸ ಅಂದ್ರೆ ಏನು ಅಂತ ಹೇಳ್ತೀನಿ. ಬೋರ್ಡ್ ಕೆಳಗೆ ಇಳಿಸ್ಲೇಬೇಕು, ಗಾಡಿ ಒಳಗೇ ಕೂತು ಮೇಲೆ ನೋಡ್ಕೊಂಡು ಅಂಟಿಸೋ ಕೆಲ್ಸ ಯಾವತ್ತೂ ಸರಿ ಹೋಗಲ್ಲ. ಬ್ಯಾಟರಿ ಮೈನಸ್ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಡ್ಬೇಕು, ಏರ್‌ಬ್ಯಾಗ್ ಇರೋ ಗಾಡೀಲಿ ಇದನ್ನ ಮರೆಯಂಗೇ ಇಲ್ಲ, ಆಮೇಲೆ ಮುಂದೆ ಬಿಸಿಲು ತಡೆಯೋ ವೈಸರ್, ಕೈ ಹಿಡಿಯೋ ಹ್ಯಾಂಡಲ್, ಒಳಗಿನ ಲೈಟು, ಬೆಲ್ಟಿನ ಮೇಲಿನ ಬೋಲ್ಟು, ಕಂಬಗಳ ಪ್ಲಾಸ್ಟಿಕ್ಕು, ಬಾಗಿಲ ಸುತ್ತ ಇರೋ ರಬ್ಬರ್ ಬೀಡಿಂಗ್, ಇಷ್ಟೂ ಬಿಚ್ಚಿದ್ಮೇಲೆ ಬೋರ್ಡ್ ಸಡಿಲ ಆಗುತ್ತೆ. ನಿಂದು ಡಿಕ್ಕಿ ಬಾಗಿಲು ಮೇಲಕ್ಕೆ ಎದ್ದೇಳೋ ಗಾಡಿ, ಸೀಟೆಲ್ಲ ಮಲಗಿಸಿ ಹಿಂದಿನಿಂದ ಈಚೆ ತೆಗೀಬೋದು, ಡಿಕ್ಕಿ ಬೇರೆ ಇರೋ ಉದ್ದ ಗಾಡೀಲಿ ಮುಂದಿನ ಬಾಗಿಲಿಂದ ಓರೆ ಮಾಡಿ ತೆಗೀಬೇಕು, ಅದು ಕಷ್ಟ. ಎಲ್ಲಾದ್ರೂ ಇಬ್ರು ಬೇಕೇ ಬೇಕು, ಬೋರ್ಡ್ ಹಗುರಾನೇ, ಆದ್ರೆ ಒಂದ್ಸಲ ಮಡಚ್ಕೊಂಡ್ರೆ ಆ ಗೆರೆ ಹೊಸ ಬಟ್ಟೆ ಮೇಲೂ ಕಾಣುತ್ತೆ, ಸೀಳಿದ್ರೆ ಹಿಂದಿನಿಂದ ಫೈಬರ್ ಬಟ್ಟೆ, ರೆಸಿನ್ ಅನ್ನೋ ಗಟ್ಟಿಯಾಗೋ ಅಂಟು ಹಾಕಿ ಗಟ್ಟಿ ಮಾಡ್ಬೇಕು. ಹಳೇ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚುವಾಗ ಕೆಲವು ಮುರಿಯುತ್ವೆ, ಅದನ್ನ ತಡೆಯೋಕಾಗಲ್ಲ, ಹೊಸದು ಮೊದ್ಲೇ ತರಿಸಿ ಇಟ್ಕೊಂಡಿರ್ಬೇಕು, ಇಲ್ಲಾಂದ್ರೆ ಆಮೇಲೆ ಗಾಡಿ ಓಡುವಾಗ ಕಟಕಟ ಅನ್ನುತ್ತೆ.

ಈಚೆ ತೆಗೆದ್ಮೇಲೆ ಕೆರೆಯೋದು ಇದೆಯಲ್ಲ, ಇಡೀ ಕೆಲ್ಸದ ಜೀವ ಅದೇ ಕಣಣ್ಣ. ಬಟ್ಟೆ ಎಳೆದ್ರೆ ತಾನಾಗೇ ಬರುತ್ತೆ, ಸ್ಪಂಜು ಮಾತ್ರ ಬೋರ್ಡಲ್ಲೇ ಕೂತಿರುತ್ತೆ, ಅದನ್ನ ಮೆತ್ತನೆ ನೈಲಾನ್ ಬ್ರಷಲ್ಲಿ ಪೂರ್ತಿ ತೆಗೀಬೇಕು, ತಂತಿ ಬ್ರಷ್ ಹಾಕಿದ್ರೆ ಬೋರ್ಡಿನ ಮೈ ಎದ್ದು ಬರುತ್ತೆ. ಮೂಗಿಗೆ ಮಾಸ್ಕ್ ಇರ್ಲೇಬೇಕು. ಕೆಲವ್ರು ಬೇಗ ಆಗ್ಲಿ ಅಂತ ಪೆಟ್ರೋಲ್ ಇಲ್ಲಾ ತಿನ್ನರ್ ಹಾಕಿ ಒರೆಸ್ತಾರೆ, ಬೆಂಕಿ ಭಯ ಒಂದು ಕಡೆ, ಬೋರ್ಡ್ ಅದನ್ನ ಕುಡಿದ್ರೆ ವಾಸನೇನೂ ಹೋಗಲ್ಲ ಅಂಟೂ ಹಿಡಿಯಲ್ಲ. ಕೈಯಾಡಿಸಿದ್ರೆ ಒಂದು ಚೂರು ಪುಡಿ ಬರಬಾರ್ದು, ಅಷ್ಟು ಕ್ಲೀನ್ ಆಗ್ಬೇಕು. ನಮ್ಮಲ್ಲಿ ಕೆಲ್ಸ ಕಲಿಯೋಕೆ ಬರೋ ಹುಡುಗ್ರಿಗೆ ನಾನು ಮೊದ್ಲು ಕೊಡೋದೇ ಈ ಕೆಲ್ಸ, ಇದ್ರಲ್ಲಿ ತಾಳ್ಮೆ ಇದ್ದೋನಿಗೆ ಮಿಕ್ಕಿದ್ದೆಲ್ಲ ಬರುತ್ತೆ.

ಬಟ್ಟೆ ವಿಷಯಕ್ಕೆ, ಹಿಂದೆ ಸ್ಪಂಜು ಅಂಟಿರೋ ರೂಫ್ ಬಟ್ಟೆ ಅಂತಲೇ ಬರುತ್ತೆ, ಅದೇ ಬೇಕು, ಎಳೆದ್ರೆ ಸ್ವಲ್ಪ ಹಿಗ್ಗುತ್ತೆ, ಬೋರ್ಡಿನ ತಗ್ಗು ಉಬ್ಬಿಗೆಲ್ಲ ಕೂರುತ್ತೆ. ಪರದೆ ಬಟ್ಟೆ ಹಾಕಿದ್ರೆ ಸೊಲ್ಯೂಷನ್, ಅಂದ್ರೆ ಅಂಟಿಸೋ ಗಮ್, ಈಚೆ ಜಿನುಗಿ ಕಲೆ ಕಾಣುತ್ತೆ, ರೆಕ್ಸಿನ್ ಭಾರ ಜಾಸ್ತಿ ತಿರುವಲ್ಲಿ ಕೂರಲ್ಲ, ನಾನು ರೂಫಿಗೆ ಹಾಕಲ್ಲ. ಸುತ್ತ 4-5 ಇಂಚು ಜಾಸ್ತಿ ಬಿಟ್ಟು ಕತ್ತರಿಸ್ಬೇಕು. ಸೊಲ್ಯೂಷನ್ ಬಿಸಿಲು ತಡೆಯೋಂಥದ್ದು ಇರ್ಬೇಕು, ಸ್ಪ್ರೇ ಡಬ್ಬಿ ಆದ್ರೆ ಮೇಲೆ ಹೆಡ್‌ಲೈನರ್‌ಗೆ (ರೂಫ್ ಬಟ್ಟೆಗೆ ಇಂಗ್ಲಿಷಲ್ಲಿ ಅದೇ ಹೆಸರು) ಅಂತ ಬರೆದಿರುತ್ತೆ ನೋಡ್ಕೊಬೇಕು, ಮರಕ್ಕೆ ಹಾಕೋ ಬಿಳಿ ಫೆವಿಕಾಲ್ ಇದಕ್ಕಲ್ಲ, ಅದು ನೀರು ಬೆರೆತಿರೋ ಗಮ್, ಥಂಡಿಗೆ ಬಿಡುತ್ತೆ. ಬೋರ್ಡಿಗೂ ಹಾಕ್ಬೇಕು ಸ್ಪಂಜಿನ ಕಡೆಗೂ ಹಾಕ್ಬೇಕು, ಹಾಕಿದ ತಕ್ಷಣ ಕೂರಿಸ್ಬಾರ್ದು, ಮುಟ್ಟಿದ್ರೆ ಜಿಗಿ ಅನ್ನಬೇಕು ಆದ್ರೆ ಬೆರಳಿಗೆ ಹತ್ತಬಾರ್ದು, ಅಷ್ಟು ಆರೋವರ್ಗೂ ಕಾಯ್ಬೇಕು. ಆಮೇಲೆ ಬಟ್ಟೆ ಅರ್ಧಕ್ಕೆ ಮಡಚಿ ಮಧ್ಯದಿಂದ ಶುರು ಮಾಡಿ ಅಂಚಿನ ಕಡೆಗೆ ಅಂಗೈಲಿ ಮೆಲ್ಲಗೆ ಸವರ್ತಾ ಹೋಗೋದು, ತಗ್ಗಿರೋ ಕಡೆ ಮೊದ್ಲು ತಗ್ಗಿಗೆ ಇಳಿಸ್ಬೇಕು, ಮೇಲೆ ಎಳೆದು ಹಾಕಿಬಿಟ್ರೆ ಅಲ್ಲಿ ಮತ್ತೆ ಗಾಳಿ ನಿಂತು ಮೊದ್ಲು ಬಿಡೋದೇ ಆ ಜಾಗ. ಜೋರಾಗಿ ಒತ್ತಿದ್ರೆ ಸ್ಪಂಜು ಅಪ್ಪಚ್ಚಿ ಆಗಿ ಬೆರಳ ಗುರುತು ಉಳಿಯುತ್ತೆ. ಒಂದು ರಾತ್ರಿ ಹಂಗೇ ಬಿಟ್ಟು ಮಾರನೇ ದಿನ ಲೈಟು ಹ್ಯಾಂಡಲ್ ಜಾಗ ಕೊಯ್ದು ಅಂಚೆಲ್ಲ ಹಿಂದಕ್ಕೆ ಮಡಚಿ ಅಂಟಿಸಿ ಗಾಡಿಗೆ ಏರ್ಸೋದು.

ಇದಕ್ಕೆ ಒಣಹವೆ ಬೇಕು ಅಣ್ಣ. ಮೃಗಶಿರ ಮಳೆ ಹಿಡಿದ್ಮೇಲೆ ಗಾಳೀಲಿರೋ ತೇವ ಸೊಲ್ಯೂಷನ್ ಮೇಲೆ ಕೂತು ಅಂಟೋ ಶಕ್ತಿನೇ ಹೋಗುತ್ತೆ, ಆರಿದ್ರ ಪುನರ್ವಸುಲಿ ನಾನು ರೂಫ್ ಕೆಲ್ಸ ಒಪ್ಕೊಳೋದೇ ಇಲ್ಲ, ಬೇಕಾದ್ರೆ ಸೀಟ್ ಹೊಲಿದು ಕೊಡ್ತೀನಿ. ಅದಕ್ಕೆ ಈ ತಿಂಗಳೊಳಗೆ ಆಗ್ಬೇಕು ಅಂತಿರೋದು.

ಇನ್ಶೂರೆನ್ಸಲ್ಲಿ ಬರುತ್ತಾ ಅಂತ ಕೇಳಿದ್ಯಲ್ಲ, ಬರಲ್ಲ, ಹಳೇದಾಗಿ ಸವೆದು ಹೋಗಿದ್ದಕ್ಕೆ ಕೊಡಲ್ಲ. ಗುಜರೀಲಿ ಅದೇ ಮಾಡೆಲ್ ರೂಫ್ ಸಿಗುತ್ತೆ ಅಂತ ಯಾರೋ ಹೇಳಿದ್ರು ಅಂದ್ಯಲ್ಲ, ಆ ಗಾಡಿ ಸ್ಪಂಜಿಗೂ ಅಷ್ಟೇ ವಯಸ್ಸಾಗಿರುತ್ತೆ, ಇವತ್ತು ಚೆನ್ನಾಗಿ ಕಂಡ್ರೂ ನಾಳೆ ಬೀಳುತ್ತೆ. ನಿನ್ ಬೋರ್ಡ್ ನೀರಿಗೆ ಮೆತ್ತಗಾಗಿ ಮುರಿದಿದ್ರೆ ಬರೀ ಬೋರ್ಡಿಗೋಸ್ಕರ ಅದನ್ನ ತರ್ಬೋದು, ಬಟ್ಟೆ ಹೊಸದಾಗಿ ಹಾಕ್ಲೇಬೇಕು. ಕಂಪ್ನಿ ಹೊಸ ರೂಫ್ ಬೋರ್ಡ್ ಸಮೇತ ಬರುತ್ತೆ, ಒಳ್ಳೇದೇ, ಆದ್ರೆ ದುಬಾರಿ, ಬೋರ್ಡ್ ಗಟ್ಟಿ ಇರೋವಾಗ ಅದ್ರ ಅವಶ್ಯಕತೆ ಇಲ್ಲ.

ಬೆಂಗಳೂರಲ್ಲಿರೋ ಪುಟ್ಟ, ನಿಂಗೂ ಅದೇ ಪ್ರಾಬ್ಲಮ್ ಶುರು ಆಗಿದೆ ಅಂದ್ಯಲ್ಲ, ನೀನು ಇಲ್ಲಿಗೆ ಬರ್ಬೇಕು ಅಂತೇನಿಲ್ಲ, ಅಲ್ಲೇ ಸೀಟ್ ಕವರ್ ಹೊಲಿಯೋ ಕುಶನ್ ಅಂಗಡೀಲಿ ಕೇಳು, ರೇಟ್ ಕೇಳೋಕ್ ಮುಂಚೆ ಬೋರ್ಡ್ ಈಚೆ ತೆಗಿತೀರಾ, ಹಳೇ ಸ್ಪಂಜು ಪೂರ್ತಿ ಕೆರಿತೀರಾ, ಒಂದು ರಾತ್ರಿ ಆರೋಕೆ ಬಿಡ್ತೀರಾ ಅಂತ ಕೇಳು, ಹೌದು ಅಂದೋರ ಹತ್ರ ಮಾತ್ರ ಕೊಡು, ಕೆರೆದ ಮೇಲೆ ಬೋರ್ಡಿನ ಫೋಟೋ ಕಳ್ಸಿ ಅನ್ನು. ಕೆಲ್ಸ ಗೊತ್ತಿರೋರು ಬೇಜಾರ್ ಮಾಡ್ಕೊಳಲ್ಲ.

ಅಣ್ಣ, ನೀನು ಬುಧವಾರ ಬೆಳಗ್ಗೆ ಬೇಲೂರ್ ಮೇಲೆ ಬಂದು ಗಾಡಿ ಬಿಟ್ಟು ಬಸ್ಸಲ್ಲಿ ಹೋಗು, ಶುಕ್ರವಾರ ಸಾಯಂಕಾಲಕ್ಕೆ ಕೊಡ್ತೀನಿ, ಅದಕ್ಕಿಂತ ಬೇಗ ಬೇಕು ಅಂತ ಮಾತ್ರ ಕೇಳ್ಬೇಡ. ಬಣ್ಣ ಕಂಬದ ಪ್ಲಾಸ್ಟಿಕ್ಕಿಗೆ ಹೊಂದೋಂಥ ತಿಳಿ ಬೂದಿ ಬಣ್ಣ ನನ್ನತ್ರ ಇದೆ, ಬೇರೆ ಬೇಕಂದ್ರೆ ಸೋಮವಾರದೊಳಗೆ ಹೇಳು. ನಾಳೆ ಬೆಳಗ್ಗೆ ಆ ಪೈಪ್ ಟೆಸ್ಟ್ ಮಾಡಿ ವಿಡಿಯೋ ಕಳ್ಸು, ಆಂಟೆನಾ ಹತ್ರ ನೀರು ಕಂಡ್ರೆ ಆ ರಬ್ಬರ್ ನಾನು ಮೊದ್ಲೇ ತರಿಸಿ ಇಟ್ಕೊಂಡಿರ್ತೀನಿ.