ಹೂವಿನ ಪಾತಿಗೆ ಇಟ್ಟಿಗೆ ಅಂಚು: ಸಿಮೆಂಟ್ ಹಾಕಲೇಬೇಕಾ?

ದಾಸವಾಳ, ಮೈಸೂರು

ನಮಸ್ಕಾರ. ನಮ್ಮ ಕಾಂಪೌಂಡ್ ಗೋಡೆ ಪಕ್ಕದಲ್ಲೇ 20 ಅಡಿ ಉದ್ದ, 4 ಅಡಿ ಅಗಲದ ಪಾತಿ ಇದೆ. ದಾಸವಾಳ, ಕನಕಾಂಬರ, ಕಾಕಡ ಹಾಕಿದ್ದೇವೆ. ಜೋರು ಮಳೆ ಬಂದರೆ ಕೆಂಪು ಮಣ್ಣೆಲ್ಲ ಕರಗಿ ಓಡಾಡುವ ಜಾಗಕ್ಕೆ ಬರುತ್ತದೆ. ಜೊತೆಗೆ ಹೊರಗಿನಿಂದ ಗರಿಕೆ ಒಳಗೆ ನುಗ್ಗುತ್ತಿದೆ. ಇಟ್ಟಿಗೆ ಅಂಚು ಕೊಡೋಣ ಅಂತಿದ್ದೇವೆ. ಸಿಮೆಂಟ್ ಹಾಕದಿದ್ದರೆ ನಿಲ್ಲುವುದಿಲ್ಲ ಅಂತಾರೆ ಮೇಸ್ತ್ರಿ. ಅಮ್ಮನಿಗೆ ಸಿಮೆಂಟ್ ಬೇಡ. ಏನು ಮಾಡೋದು? ಎಷ್ಟು ಇಟ್ಟಿಗೆ ಬೇಕಾಗಬಹುದು?

ಟೆರೇಸ್ ತೋಟ

ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಹೂಳುವುದು ಸುಲಭ. ಆದರೆ ಬಿಸಿಲು ಬೀಳುವ ಕಡೆ ಬರಬರುತ್ತಾ ಪೆಡಸಾಗಿ ಸೀಳಿಬಿಡುತ್ತದೆ. ಇಟ್ಟಿಗೆಯೇ ವಾಸಿ.

ಗುದ್ದಲಿ, ತುಮಕೂರು

ಅಮ್ಮ ಹೇಳಿದ್ದೇ ಸರಿ. ಸಿಮೆಂಟ್ ಬೇಡ.

ಸಿಮೆಂಟ್ ಕಟ್ಟೆ ಕಟ್ಟಿ ನೀರು ಹೋಗಲು ತೂತು ಬಿಡದಿದ್ದರೆ ಪಾತಿ ತೊಟ್ಟಿಯಾಗುತ್ತದೆ. ನೀರು ನಿಂತು ಕನಕಾಂಬರದ ಬೇರು ಕೊಳೆಯುತ್ತದೆ. ಮುಂದೆ ಪಾತಿ ಅಗಲ ಮಾಡಬೇಕು ಅನ್ನಿಸಿದರೆ ಎಲ್ಲವನ್ನೂ ಒಡೆಯಬೇಕು.

ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ. 9 ಇಂಚಿನಲ್ಲಿ 5 ಇಂಚು ಮಣ್ಣೊಳಗೆ, 4 ಇಂಚು ಮೇಲೆ. 4 ಇಂಚಿನ ಮುಖ ಹೊರಗೆ ಬರುವಂತೆ ಸಾಲಾಗಿ ಇಟ್ಟರೆ ಅಡಿಗೆ ಮೂರು. ಗೋಡೆ ಕಡೆ ಬಿಟ್ಟು ಮೂರು ಬದಿ ಸೇರಿ 28 ಅಡಿ, ಅಂದರೆ 84. ಒಡೆಯುವುದಕ್ಕೂ ಸೇರಿಸಿ 95 ತಂದುಕೊಳ್ಳಿ. ಓರೆಯಾಗಿ ಗರಗಸದ ಹಲ್ಲಿನಂತೆ ಹೂಳಿದರೆ ನೋಡಲು ಚೆಂದ. ಆದರೆ ಕೆಳಗೂ ಹಲ್ಲು ಹಲ್ಲಾಗಿಯೇ ಇರುತ್ತದೆ ಅಲ್ವಾ, ಆಳ ಕಡಿಮೆ ಇರುವ ಕಡೆ ಗರಿಕೆ ತೂರಿಕೊಳ್ಳುತ್ತದೆ.

ಇಟ್ಟಿಗೆ ಆರಿಸುವುದೇ ಅರ್ಧ ಕೆಲಸ. ಎರಡನ್ನು ಕೈಯಲ್ಲಿ ಹಿಡಿದು ತಟ್ಟಿ, ಠಣ್ ಅನ್ನಬೇಕು. ಉಗುರಲ್ಲಿ ಗೀರಿದರೆ ಗೆರೆ ಮೂಡಬಾರದು. ಅರೆಬೆಂದ ಇಟ್ಟಿಗೆ ತೇವದ ಮಣ್ಣಲ್ಲಿ ಪದರ ಪದರವಾಗಿ ಉದುರಿಹೋಗುತ್ತದೆ. ಗೂಡಿನಲ್ಲಿ ಜಾಸ್ತಿ ಸುಟ್ಟು ಕಪ್ಪಾದ, ಸ್ವಲ್ಪ ಡೊಂಕಾದ ಇಟ್ಟಿಗೆಯನ್ನು ಗೋಡೆಗೆ ಬೇಡ ಅಂತ ಪಕ್ಕಕ್ಕೆ ಹಾಕಿರುತ್ತಾರೆ. ನಿಮಗೆ ಅದೇ ಬೇಕು, ನೆಲದೊಳಗೆ ಅದು ಗಟ್ಟಿ.

ಈಗ ಕಾಲುವೆ. ದಾರ ಕಟ್ಟಿ 7 ಇಂಚು ಆಳ ತೋಡಿ. ಹೊರಗಿನ ಬದಿಯನ್ನು ಹಾರೆಯಿಂದ ನೇರವಾಗಿ ಕಡಿಯಿರಿ, ಆ ಮಣ್ಣನ್ನು ಸಡಿಲ ಮಾಡಬೇಡಿ. ಪಾತಿಯ ಮಣ್ಣು ಮಳೆಯಲ್ಲಿ ನೆನೆದಾಗ ಇಟ್ಟಿಗೆಯನ್ನು ಹೊರಕ್ಕೆ ತಳ್ಳುತ್ತದೆ. ಆಗ ಇಟ್ಟಿಗೆಗೆ ಆಸರೆ ಈ ಗಟ್ಟಿ ಬದಿಯೇ. ತಳಕ್ಕೆ 2 ಇಂಚು ಜಲ್ಲಿಪುಡಿ ಹಾಕಿ, ನೀರು ಚಿಮುಕಿಸಿ ಬಡಿಯಿರಿ. ಇಟ್ಟಿಗೆಗಳನ್ನು ಒತ್ತಾಗಿ, ಒಂಚೂರು ಪಾತಿ ಕಡೆ ವಾಲಿಸಿ ನಿಲ್ಲಿಸಿ. ಒಳಗಡೆ ಸ್ವಲ್ಪ ಸ್ವಲ್ಪವೇ ಮಣ್ಣು ತುಂಬಿ, ಪ್ರತಿ ಸಲವೂ ಕೋಲಿನಿಂದ ತಿವಿದು ಗಟ್ಟಿ ಮಾಡಿ. ಒಂದೇ ಸಲ ಸುರಿದು ಮೇಲೆ ತುಳಿದರೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ.

ಪಾತಿಯ ಮಣ್ಣು ಇಟ್ಟಿಗೆ ತುದಿಗಿಂತ 2 ಇಂಚು ಕೆಳಗಿರಲಿ. ಅಂಚಿನ ಮಟ್ಟಕ್ಕೆ ತುಂಬಿದರೆ ಮಣ್ಣು ಮತ್ತೆ ಹೊರಗೇ ಬರುತ್ತದೆ. ಮೇಲೆ ಒಣ ಎಲೆ ಹರಡಿ, ಹನಿ ನೇರವಾಗಿ ಮಣ್ಣಿಗೆ ಹೊಡೆಯುವುದು ತಪ್ಪುತ್ತದೆ. ಗೋಡೆ ಕಡೆಯೂ ಮಣ್ಣು ಏರಿಸಬೇಡಿ, ತೇವ ಹತ್ತಿ ಗಾರೆ ಉದುರುತ್ತದೆ.

ಅಡಿಕೆ ಮನೆ, ಸಾಗರ

ನಮ್ಮ ಕಡೆ ಇಟ್ಟಿಗೆಗಿಂತ ಜಂಬಿಟ್ಟಿಗೆ (ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲು) ಜಾಸ್ತಿ. ಒಡೆದ ತುಂಡುಗಳನ್ನೇ ಅಂಚಿಗೆ ಹೂಳುತ್ತೇವೆ, ಮಳೆಗಾಲ ಎಷ್ಟೇ ಹೊಡೆದರೂ ಜಗ್ಗುವುದಿಲ್ಲ. ಇಳಿಜಾರಿನ ಕೊನೆಯಲ್ಲಿ ಮಾತ್ರ ಎರಡು ಬೆರಳು ಸಂದು ಬಿಟ್ಟು, ಒಳಗಡೆ ಒಂದು ಹಿಡಿ ಜಲ್ಲಿ ಹಾಕಿ. ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ದಾಸವಾಳ, ಮೈಸೂರು

ತುಂಬಾ ಉಪಕಾರ ಆಯ್ತು. ಪಾತಿಯಲ್ಲಿ ಜೇಕೂ (ಗಡ್ಡೆಯಿಂದ ಚಿಗುರುವ ಕಳೆ ಹುಲ್ಲು) ಇದೆ. ಅದನ್ನೂ ಈ ಅಂಚು ತಡೆಯುತ್ತಾ?

ಗುದ್ದಲಿ, ತುಮಕೂರು

ಇಲ್ಲ. ಗರಿಕೆಯ ಬಳ್ಳಿ ಬಹುಪಾಲು ಮೇಲೆ ಮೇಲೆಯೇ ಹರಿಯುತ್ತದೆ, 5 ಇಂಚು ಆಳಕ್ಕೆ ಹೆಚ್ಚುಕಡಿಮೆ ನಿಲ್ಲುತ್ತದೆ. ಅಂಚು ದಾಟಿ ಬಂದ ಎಳೆಗಳನ್ನು ಆಗಾಗ ಕತ್ತರಿಸುತ್ತಿರಿ. ಜೇಕಿನ ಗಡ್ಡೆ ಇನ್ನೂ ಆಳದಲ್ಲಿರುತ್ತದೆ. ಸುಮ್ನೆ ಮೇಲಿನ ಹುಲ್ಲು ಕಿತ್ತರೆ ಮತ್ತೆ ಚಿಗುರುತ್ತದೆ. ಅಂಚು ಕೂರಿಸುವ ಮೊದಲೇ ಗಿಡಗಳ ನಡುವೆ ಅಗೆದು, ಗಡ್ಡೆ ಆರಿಸಿ ಹೊರಗೆ ಹಾಕಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.