ಅಪ್‌ಡೇಟ್: ಸೈಟಿನ ಬ್ರೋಕರ್ ವಿರುದ್ಧ ರೇರಾಗೆ ದೂರು ಕೊಟ್ಟೆ

ಮುಂಗಡವಾಗಿ ಎರಡು ಲಕ್ಷ ಪಡೆದ ಬ್ರೋಕರ್, ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೇ ಇಲ್ಲವೆಂದು ನನಗೆ ಗೊತ್ತಾದ ಮೇಲೆ ಫೋನ್ ಎತ್ತುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಪೊಲೀಸ್ ಠಾಣೆಗೆ ಹೋಗಿ ಎಂದವರೇ ಹೆಚ್ಚು. ಒಬ್ಬರು ಮಾತ್ರ 2016ರ ರೇರಾ ಕಾಯ್ದೆಯ 9 ಮತ್ತು 10ನೇ ಸೆಕ್ಷನ್ ಓದಿ ಎಂದಿದ್ದರು, ಅವರಿಗೆ ಋಣಿ. ಏಜೆಂಟರೂ ನೋಂದಣಿ ಮಾಡಿಸಿಕೊಂಡಿರಬೇಕು, ನೋಂದಣಿ ಆಗಬೇಕಾಗಿದ್ದೂ ಆಗದ ಬಡಾವಣೆಯ ಸೈಟ್ ಮಾರಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿಯ ಬೆಲೆಯ ಶೇ 5ರವರೆಗೆ.

ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿದರೆ ಈ ಮಹಾಶಯರ ಹೆಸರೇ ಇಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಚಿನ್ನದ ಬಣ್ಣದಲ್ಲಿ ‘ರೇರಾ ಅನುಮೋದಿತ’! ಮೊದಲು ಸ್ಕ್ಯಾನ್ ಮಾಡಿದ್ದೇ ಆ ಕಾರ್ಡನ್ನು. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಸಂದೇಶಗಳು. ಅವರು ನಗದು ಕೇಳಿದ್ದರು. ನಾನು ಖಾತೆಗೇ ಹಾಕಿದ್ದು ಪುಣ್ಯ. ಆನ್‌ಲೈನ್ ಅರ್ಜಿ ಕಷ್ಟವಲ್ಲ, ನಡೆದದ್ದನ್ನು ತಾರೀಖಿನ ಪ್ರಕಾರ ಬರೆಯುವುದೇ ಕಷ್ಟ. ನನ್ನ ಮೊದಲ ಕರಡಿನ ತುಂಬ ಬೈಗುಳವೇ ಇತ್ತು. ಹೆಂಡತಿ ಓದಿ ಅರ್ಧಕ್ಕರ್ಧ ಹೊಡೆದುಹಾಕಿದಳು.

ದೂರಿನ ಸಂಖ್ಯೆ ಬಂದಿದೆ, ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ. ಆ ಸಂಖ್ಯೆಯನ್ನು ಬ್ರೋಕರಿಗೆ ಕಳುಹಿಸಿದ ಸಂಜೆಯೇ ಫೋನ್ ಬಂತು: ‘ಸಾರ್, ಕುಳಿತು ಮಾತನಾಡೋಣ.’ ಏನು ಹೇಳುವುದಿದ್ದರೂ ಬರೆದು ಕೊಡಿ ಎಂದೆ.